ನೀರಿನ ಕಿಟ್ ಕಟ್ಟಿದೆ, ಓಡಿಸಿದೆ, ಅಳೆದೆ: ನನ್ನ ಅನುಭವ

ಕಾರು ಬರೀ ನೀರಿನಲ್ಲಿ ಓಡುತ್ತದೆ ಅಂತ ನಂಬುವವರು ಈಗ ಕಮ್ಮಿ. ‘ಪೆಟ್ರೋಲ್ ಜೊತೆಗೆ ಸ್ವಲ್ಪ ನೀರಿನ ಗ್ಯಾಸ್ ಸೇರಿಸಿದರೆ ಮೈಲೇಜ್ ಜಾಸ್ತಿ ಬರುತ್ತಂತಲ್ಲ’ ಅನ್ನುವವರು ಮಾತ್ರ ಬೇಕಾದಷ್ಟು ಸಿಗುತ್ತಾರೆ. ದಾವಣಗೆರೆಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಸೆಲ್ಫ್ ಮೋಟಾರ್, ಡೈನಮೋ, ವೈರಿಂಗ್, ಸೆನ್ಸರ್ ಕೆಲಸ. ಪೆಟ್ರೋಲ್ ನೂರು ದಾಟಿದ ಮೇಲೆ ಮೊಬೈಲ್‌ನಲ್ಲಿ ವಿಡಿಯೊ ಹಿಡಿದುಕೊಂಡು ಬರುವವರು ಜಾಸ್ತಿಯಾದರು. ಬಾನೆಟ್ ಒಳಗೆ ಒಂದು ಡಬ್ಬ, ಅದರಲ್ಲಿ ಸ್ಟೀಲ್ ಪ್ಲೇಟು, ಬ್ಯಾಟರಿಯಿಂದ ಎರಡು ವೈರು, ಗುಳುಗುಳು ಗುಳ್ಳೆ. ‘ಅಣ್ಣಾ, ಇದನ್ನ ನಮ್ಮ ಗಾಡಿಗೂ ಹಾಕಿಕೊಡು’ ಅಂತ ಕೇಳುತ್ತಾರೆ.

ಬ್ಯಾಟರಿ ಕರೆಂಟಿನಿಂದ ನೀರನ್ನು ಹೈಡ್ರೋಜನ್, ಆಕ್ಸಿಜನ್ ಗ್ಯಾಸ್ ಆಗಿ ಒಡೆದು ಎಂಜಿನ್‌ಗೆ ಬಿಡುವ ಡಬ್ಬ ಇದು. ಇದಕ್ಕೆ ಎಚ್‌ಎಚ್‌ಒ ಕಿಟ್, ಹೈಡ್ರೋಜನ್ ಕಿಟ್ ಅಂತೆಲ್ಲ ಹೆಸರಿದೆ. ನಮ್ಮ ಬೀದಿಯಲ್ಲಿ ನೀರಿನ ಕಿಟ್ ಅಂದರೆ ಸಾಕು.

ಹಾಕಲ್ಲ ಅಂತ ಸುಮ್ನೆ ಹೇಳಿ ಕಳಿಸಿದರೆ ‘ಇವನಿಗೆ ಗೊತ್ತಿಲ್ಲ’ ಅನ್ನುತ್ತಾರೆ. ಯಾರದೋ ಕಿಟ್ ಕೊಂಡು ಹಾಕಿ, ಮೈಲೇಜ್ ಬರದಿದ್ದರೆ ಮಾರಿದವರು ‘ಫಿಟಿಂಗ್ ಸರಿಯಿಲ್ಲ’ ಅನ್ನುತ್ತಾರೆ. ಹಾಗಾಗಿ ನಾನೇ ಕಟ್ಟೋಣ ಅಂತ ಕೂತೆ. ನನ್ನ ಹತ್ತಿರ ಒಂದು ಹಳೇ ಸ್ಯಾಂಟ್ರೋ ಜಿಂಗ್ ಇದೆ. 1086 ಸಿಸಿ ಎಂಜಿನ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ), ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್. ಇಂಥ ಪ್ರಯೋಗಕ್ಕೆ ಸರಿಯಾದ ಗಾಡಿ.

ಮೊದಲು ಸೆಲ್, ಅಂದರೆ ನೀರು ಒಡೆಯುವ ಡಬ್ಬ. ವಿಡಿಯೊಗಳಲ್ಲಿ ಬಾಟಲಿಗೆ ಎರಡು ಸ್ಟೀಲ್ ಚಮಚ ಇಳಿಬಿಟ್ಟು ತೋರಿಸುತ್ತಾರೆ. ಅದು ಮಕ್ಕಳಾಟ. ನೀರು ಒಡೆಯಲು ಒಂದು ಜೋಡಿ ಪ್ಲೇಟಿನ ನಡುವೆ 2 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಓಡುವ ಕಾರಿನಲ್ಲಿ ಸುಮಾರು 13.8 ವೋಲ್ಟ್ ಇರುತ್ತದೆ. ಅಷ್ಟನ್ನೂ ಎರಡೇ ಪ್ಲೇಟಿಗೆ ಕೊಟ್ಟರೆ ಬಹುಪಾಲು ಕರೆಂಟು ನೀರು ಕಾಯಿಸಲು ಹೋಗುತ್ತದೆ. ಅದಕ್ಕೆ ಏಳು ಪ್ಲೇಟು ಸಾಲಾಗಿ ಜೋಡಿಸಬೇಕು. ಮೊದಲನೆಯದಕ್ಕೆ ಪ್ಲಸ್, ಕೊನೆಯದಕ್ಕೆ ಮೈನಸ್, ನಡುವಿನ ಐದಕ್ಕೆ ವೈರೇ ಇಲ್ಲ. ಏಳು ಪ್ಲೇಟಿನ ನಡುವೆ ಆರು ಖಾನೆ, ಅಂದರೆ ಒಂದೇ ಡಬ್ಬದೊಳಗೆ ಆರು ಚಿಕ್ಕ ಸೆಲ್ ಆಗುತ್ತದೆ, ಒಂದೊಂದಕ್ಕೆ 2.3 ವೋಲ್ಟ್ ಸಿಗುತ್ತದೆ.

ಪ್ಲೇಟಿಗೆ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲೇ ಬೇಕು. ಪಾತ್ರೆ ಅಂಗಡಿಯ ಸ್ಟೀಲ್ ಬೇಗ ಕಿತ್ತುಬರುತ್ತದೆ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕಟ್ ಮಾಡಿಸಿದೆ. ಪ್ರತಿ ಪ್ಲೇಟಿಗೆ ಕೆಳಗೊಂದು ತೂತು ನೀರು ಹರಿಯಲು, ಮೇಲೊಂದು ತೂತು ಗ್ಯಾಸ್ ಹೋಗಲು. ನಡುವೆ ರಬ್ಬರ್ ಗ್ಯಾಸ್ಕೆಟ್, ಎರಡು ತುದಿಗೆ ದಪ್ಪ ಅಕ್ರಿಲಿಕ್ ಶೀಟು, ಸುತ್ತ ಬೋಲ್ಟು. ಪ್ಲೇಟಿನ ಮೈಯನ್ನು ಸ್ಯಾಂಡ್‌ಪೇಪರಿನಲ್ಲಿ ಅಡ್ಡಡ್ಡ ಉಜ್ಜಿ ಒರಟು ಮಾಡಿದರೆ ಗುಳ್ಳೆ ಬೇಗ ಬಿಟ್ಟುಕೊಳ್ಳುತ್ತದೆ.

ನೀರಿಗೆ ಏನು ಬೆರೆಸುವುದು ಅನ್ನುವುದರಲ್ಲಿ ಜನ ಎಡವುವುದು ಜಾಸ್ತಿ. ಬರೀ ಬ್ಯಾಟರಿ ನೀರಿನಲ್ಲಿ ಕರೆಂಟ್ ಹರಿಯಲ್ಲ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ, ಅದು ವಿಷ. ಅಡುಗೆ ಸೋಡಾ ಹಾಕಿದವರ ಡಬ್ಬದಲ್ಲಿ ಕಂದು ಬಣ್ಣದ ಕೆಸರು ನೋಡಿದ್ದೇನೆ. ಅದು ಸ್ಟೀಲಿನಿಂದ ಬಿಟ್ಟುಬಂದ ಕಬ್ಬಿಣ, ಕ್ರೋಮಿಯಂ. ಅದರಲ್ಲಿ ಕ್ಯಾನ್ಸರ್ ತರುವ ಬಗೆಯ ಕ್ರೋಮಿಯಂ ಕೂಡ ಇರಬಹುದು. ಅದನ್ನು ಮೋರಿಗೆ ಚೆಲ್ಲಿ ಕೈ ಒರೆಸಿಕೊಂಡು ಹೋಗುತ್ತಾರೆ. ನಾನು ಬಳಸಿದ್ದು ಕಾಸ್ಟಿಕ್ ಪೊಟ್ಯಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್). ಅದೂ ಸಾಧು ವಸ್ತುವಲ್ಲ. ನೀರಿಗೆ ಸ್ವಲ್ಪ ಸ್ವಲ್ಪ ಪುಡಿ ಹಾಕಬೇಕು. ಪುಡಿ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಅದರ ಹತ್ತಿರ ಹೋಗಬಾರದು. ಇನ್ನೊಂದು ವಿಷಯ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಕಾರಿನ ಥ್ರಾಟಲ್ ಬಾಡಿ, ಪಿಸ್ಟನ್, ಸಿಲಿಂಡರ್ ಹೆಡ್ ಎಲ್ಲ ಅಲ್ಯೂಮಿನಿಯಮ್ಮೇ.

ಅದಕ್ಕೇ ಸೆಲ್‌ನಿಂದ ಬಂದ ಗ್ಯಾಸನ್ನು ನೇರವಾಗಿ ಎಂಜಿನ್‌ಗೆ ಬಿಡಬಾರದು. ಮಧ್ಯೆ ಬಬ್ಲರ್ ಬೇಕು. ಅರ್ಧ ನೀರು ತುಂಬಿದ ಗಟ್ಟಿ ಡಬ್ಬ, ಗ್ಯಾಸ್ ನೀರಿನ ತಳದಿಂದ ಬಂದು ಮೇಲಿನಿಂದ ಹೊರಗೆ ಹೋಗಬೇಕು. ಕಾಸ್ಟಿಕ್‌ನ ತುಂತುರು ಅಲ್ಲಿ ತೊಳೆದುಹೋಗುತ್ತದೆ. ಎಂಜಿನ್ ಕಡೆಯಿಂದ ಬೆಂಕಿ ಹಿಂದಕ್ಕೆ ನುಗ್ಗಿದರೆ ಅಲ್ಲೇ ಆರುತ್ತದೆ. ಈ ಗ್ಯಾಸಿನಲ್ಲಿ ಹೈಡ್ರೋಜನ್, ಆಕ್ಸಿಜನ್ ಎರಡೂ ಉರಿಯಲು ಬೇಕಾದ ಲೆಕ್ಕದಲ್ಲೇ ಬೆರೆತಿರುತ್ತವೆ. ಹೊರಗಿನ ಗಾಳಿ ಬೇಡ, ಒಂದು ಕಿಡಿ ಸಾಕು. ಸೋಪಿನ ನೊರೆಯಲ್ಲಿ ಒಂದು ಹಿಡಿಯಷ್ಟು ತುಂಬಿಸಿ ಉದ್ದ ಕಡ್ಡಿಯ ತುದಿಯಲ್ಲಿ ಬೆಂಕಿ ತೋರಿಸಿದೆ. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬ್ ಒಡೆಯಿತು ಅಂತ ಓಡಿಬಂದ. ಇಂಥದ್ದನ್ನು ಡಬ್ಬದಲ್ಲಿ ಕೂಡಿಡುವುದು, ಬಲೂನಿನಲ್ಲಿ ತುಂಬುವುದು, ಯಾವುದೂ ಬೇಡ.

ಸೆಲ್ ಕೆಲಸ ಮಾಡಿತು. ಚೆನ್ನಾಗಿಯೇ ಮಾಡಿತು. ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ‘ಗ್ಯಾಸೇ ಬರಲ್ಲ, ಎಲ್ಲ ಸುಳ್ಳು’ ಅನ್ನುವವರೂ ಇದ್ದಾರೆ. ಗ್ಯಾಸ್ ಬರುತ್ತದೆ. ಎಷ್ಟು ಅನ್ನುವುದು ಪ್ರಶ್ನೆ.

ಅಳೆಯುವುದು ಸುಲಭ. ಬಕೆಟ್ ನೀರಿನಲ್ಲಿ ಒಂದು ಲೀಟರ್ ಬಾಟಲಿ ತುಂಬಿಸಿ ತಲೆಕೆಳಗಾಗಿ ಹಿಡಿದು, ಬಬ್ಲರ್‌ನ ಪೈಪನ್ನು ಬಾಯಿಗೆ ಕೊಡಬೇಕು. ನೀರು ಖಾಲಿಯಾಗುವವರೆಗೆ ವಾಚ್ ನೋಡಬೇಕು. ಕ್ಲಾಂಪ್ ಮೀಟರ್‌ನಲ್ಲಿ 15 ಆಂಪಿಯರ್ ಇದ್ದಾಗ ಹೆಚ್ಚುಕಮ್ಮಿ ಒಂದು ನಿಮಿಷಕ್ಕೆ ಒಂದು ಲೀಟರ್ ತುಂಬುತ್ತಿತ್ತು. ಇದು ನನ್ನ ಕೈಚಳಕವೇನಲ್ಲ. ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1830ರ ದಶಕದಲ್ಲೇ ಈ ಲೆಕ್ಕ ಕೊಟ್ಟಿದ್ದಾನೆ. ಒಂದು ಸೆಲ್‌ನಲ್ಲಿ ಒಂದು ಆಂಪಿಯರ್ ಒಂದು ನಿಮಿಷ ಹರಿದರೆ ಎರಡೂ ಗ್ಯಾಸ್ ಸೇರಿ ಸುಮಾರು 11.4 ಮಿಲಿಲೀಟರ್. ಆರು ಸೆಲ್, 15 ಆಂಪಿಯರ್ ಅಂದರೆ 1026. ಯಾರ ಕಿಟ್ ಆಗಲಿ, ಯಾವ ದೇಶದ್ದಾಗಲಿ, ಇದಕ್ಕಿಂತ ಜಾಸ್ತಿ ಬರಲ್ಲ. ‘ನಮ್ಮ ಆರು ಸೆಲ್ಲಿನ ಕಿಟ್ 10 ಆಂಪಿಯರ್‌ನಲ್ಲಿ 3 ಲೀಟರ್ ಕೊಡುತ್ತೆ’ ಅಂತ ಯಾರಾದರೂ ಅಂದರೆ ಗುಣಿಸಿ ನೋಡಿ. 700 ಮಿಲಿ ಕೂಡ ಆಗಲ್ಲ. ಉಳಿದದ್ದು ಹಬೆ. ಸೆಲ್ 60 ಡಿಗ್ರಿಗೆ ಬಿಸಿಯಾದರೆ ಬರುವ ಗ್ಯಾಸಿನಲ್ಲಿ ಐದರಲ್ಲಿ ಒಂದು ಪಾಲು ನೀರಿನ ಆವಿಯೇ ಇರಬಹುದು. ಇನ್ನೂ ಬಿಸಿಯಾದರೆ ಇನ್ನೂ ಜಾಸ್ತಿ. ಬಾಟಲಿ ಬೇಗ ತುಂಬುತ್ತದೆ, ವಿಡಿಯೊ ಚೆನ್ನಾಗಿ ಬರುತ್ತದೆ.

ಬಿಸಿಯಿಂದ ಇನ್ನೊಂದು ತಾಪತ್ರಯವೂ ಇದೆ. ಸೆಲ್ ಕಾದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ, ಜಾಸ್ತಿ ಎಳೆದಷ್ಟೂ ಇನ್ನೂ ಕಾಯುತ್ತದೆ. ಬಾನೆಟ್ ಕೆಳಗೆ, ನಮ್ಮ ಏಪ್ರಿಲ್ ಬಿಸಿಲಲ್ಲಿ, ಬೆಳಿಗ್ಗೆ 12 ಆಂಪಿಯರ್ ಇದ್ದದ್ದು ಮಧ್ಯಾಹ್ನ 25 ದಾಟಬಹುದು. ಅದಕ್ಕೆ ಕರೆಂಟನ್ನು ಹಿಡಿತದಲ್ಲಿಡುವ ಪಿಡಬ್ಲ್ಯುಎಂ ಬೋರ್ಡ್ ಹಾಕಿ 15ಕ್ಕೆ ಕಟ್ಟಿಹಾಕಿದೆ. 30 ಆಂಪಿಯರ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ.

ಸೆಲ್ಲನ್ನು ಆನ್ ಆಫ್ ಮಾಡುವ ರಿಲೇಗೆ ಕರೆಂಟ್ ಎಲ್ಲಿಂದ ಕೊಡುವುದು ಅನ್ನುವುದು ಮುಖ್ಯ. ಇಗ್ನಿಷನ್‌ನಿಂದ ಕೊಟ್ಟರೆ, ಕೀ ಆನ್ ಮಾಡಿ ಎಂಜಿನ್ ಶುರು ಮಾಡದೆ ಕೂತಾಗಲೂ ಗ್ಯಾಸ್ ಬರುತ್ತಲೇ ಇರುತ್ತದೆ. ಏರ್ ಫಿಲ್ಟರ್ ಬಾಕ್ಸ್ ತುಂಬಿಕೊಳ್ಳುತ್ತದೆ. ಆಮೇಲೆ ಸೆಲ್ಫ್ ಹೊಡೆದಾಗ ಬ್ಯಾಕ್‌ಫೈರ್ ಆದರೆ ಬಾಕ್ಸ್ ಚೂರು. ನಾನು ಪೆಟ್ರೋಲ್ ಪಂಪಿನ ರಿಲೇಯಿಂದ ತೆಗೆದುಕೊಂಡೆ. ಕೀ ಹಾಕಿದಾಗ ಅದು ಎರಡು ಮೂರು ಸೆಕೆಂಡ್ ಬಂದು ನಿಲ್ಲುತ್ತದೆ, ಎಂಜಿನ್ ತಿರುಗಿದರೆ ಮಾತ್ರ ಮತ್ತೆ ಬರುತ್ತದೆ. ಮಾರುಕಟ್ಟೆಯ ಎಷ್ಟೋ ಕಿಟ್‌ಗಳಲ್ಲಿ ಈ ಸಣ್ಣ ಎಚ್ಚರಿಕೆಯೂ ಇರಲ್ಲ. ಸಿಗರೇಟ್ ಲೈಟರ್‌ಗೆ ಚುಚ್ಚಿಕೊಳ್ಳಿ ಅನ್ನುವವರೂ ಇದ್ದಾರೆ.

ಇಷ್ಟು ಮಾಡಿದ್ದು ಸುಲಭದ ಕೆಲಸ. ಕಷ್ಟ ಶುರುವಾಗಿದ್ದು ಮೈಲೇಜ್ ಅಳೆಯುವಾಗ.

ಎಲ್ಲರೂ ಮಾಡುವುದು ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇನಲ್ಲಿ ಸುಮಾರು 60 ಕಿಲೋಮೀಟರ್. ಹೋಗಿಬಂದರೆ ಸ್ಯಾಂಟ್ರೋ ಏಳು ಲೀಟರ್ ಕುಡಿಯುತ್ತದೆ. ಪಂಪಿನಲ್ಲಿ ನಾಝಲ್ ಆಟೊ ಕಟ್ ಆಗುವುದು ಗಾಡಿ ನಿಂತ ಇಳಿಜಾರಿನ ಮೇಲೆ, ಹುಡುಗ ಹಿಡಿದ ವೇಗದ ಮೇಲೆ. ಅರ್ಧ ಲೀಟರ್ ಹೆಚ್ಚುಕಮ್ಮಿ ಆಗುವುದು ಮಾಮೂಲು. ಏಳು ಲೀಟರಿಗೆ ಅರ್ಧ ಲೀಟರ್ ಅಂದರೆ ನೂರಕ್ಕೆ ಏಳು. ಅಷ್ಟು ತಪ್ಪು ಅಳತೆಯಲ್ಲೇ ಇರುವಾಗ ‘ನನಗೆ 5 ಪರ್ಸೆಂಟ್ ಜಾಸ್ತಿ ಬಂತು’ ಅನ್ನುವುದಕ್ಕೆ ಏನು ಬೆಲೆ? ಅದಕ್ಕೆ ಒಂದೇ ಪಂಪ್, ಒಂದೇ ನಾಝಲ್, ಗಾಡಿ ಅದೇ ಜಾಗದಲ್ಲಿ, ಬೆಳಗಿನ ಜಾವದ ತಂಪಿನಲ್ಲಿ, ಪ್ರತಿ ಸಲ ಎರಡು ಮೂರು ಸುತ್ತು ಹೊಡೆದ ಮೇಲೆ ತುಂಬಿಸುವುದು ಅಂತ ನಿಯಮ ಮಾಡಿಕೊಂಡೆ.

ಅಷ್ಟಾದರೂ ಗಾಳಿಯನ್ನು ನಿಯಮಕ್ಕೆ ತರಲು ಆಗಲ್ಲ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಆಷಾಢದಲ್ಲಿ ದುರ್ಗದಿಂದ ವಾಪಸ್ ಬರುವಾಗ ಭರಮಸಾಗರದ ಬಯಲಿನಲ್ಲಿ ಗಾಳಿ ಎದುರಿಗೆ ಹೊಡೆಯುತ್ತದೆ. ಹೋಗುವಾಗ ಬೆನ್ನಿಗೆ. ಒಂದೇ ದಿಕ್ಕಿನ ಮೈಲೇಜ್ ತೋರಿಸಿದರೆ ಯಾವ ಕಿಟ್ ಬೇಕಾದರೂ ಗೆಲ್ಲುತ್ತದೆ.

ಪೆಟ್ರೋಲೂ ಒಂದೇ ಥರ ಇರಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆ ಮಾಡಿದರು. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಇ10ರಿಂದ ಇ20ಗೆ ಬದಲಾದರೆ ಲೆಕ್ಕದ ಪ್ರಕಾರವೇ ಮೈಲೇಜ್ ನೂರಕ್ಕೆ ಮೂರು ನಾಲ್ಕು ಇಳಿಯಬೇಕು. ಹೋದ ವರ್ಷದ ಮೈಲೇಜನ್ನು ಈ ವರ್ಷದ ಮೈಲೇಜ್ ಜೊತೆ ಹೋಲಿಸಿ ಕಿಟ್‌ಗೆ ಮಾರ್ಕ್ಸ್ ಕೊಡಲು ಆಗಲ್ಲ, ಅಲ್ವಾ?

ಇವೆಲ್ಲಕ್ಕಿಂತ ದೊಡ್ಡ ಗೊಂದಲ ಡ್ರೈವರ್‌ನ ಕಾಲು. ಕಿಟ್ ಹಾಕಿಸಿಕೊಂಡವನು ಮೈಲೇಜ್ ನೋಡಲು ಹೊರಟಾಗ ಆಕ್ಸಲರೇಟರ್ ಮೆತ್ತಗೆ ಒತ್ತುತ್ತಾನೆ. ಬೇಕು ಅಂತ ಮಾಡಲ್ಲ, ತಾನಾಗಿ ಹಾಗಾಗುತ್ತದೆ. 80ರಲ್ಲಿ ಹೋಗುವವನು 65ರಲ್ಲಿ ಹೋದರೆ ಯಾವ ಕಿಟ್ಟೂ ಇಲ್ಲದೆ ಮೈಲೇಜ್ ಏರುತ್ತದೆ. ಇದಕ್ಕೆ ಉಪಾಯ ಹೇಳಿದವರು ನಮ್ಮ ಬೀದಿಯ ಫಿಸಿಕ್ಸ್ ಮೇಷ್ಟ್ರು. ‘ಸ್ವಿಚ್ ನಿಮ್ಮ ಕೈಗೆ ಸಿಗಬಾರದು ಕಣ್ರೀ. ಹಿಂದೆ ಡಿಕ್ಕಿಯಲ್ಲಿ ಇಡಿ. ಆನೋ ಆಫೋ ನಾನು ಮಾಡಿ ಚೀಟಿಯಲ್ಲಿ ಬರೆದಿಡ್ತೀನಿ. ನೀವು ಓಡಿಸಿ, ಅಷ್ಟೆ’ ಅಂದರು. ಸೆಲ್‌ನ ಫ್ಯಾನ್ ಸದ್ದು ಗೊತ್ತಾಗಬಾರದು ಅಂತ ಎರಡೂ ಸ್ಥಿತಿಯಲ್ಲಿ ಫ್ಯಾನ್ ಓಡುವ ಹಾಗೆ ವೈರಿಂಗ್ ಮಾಡಿದೆ.

ಹೀಗೆ ಕೆಲವು ವಾರ ಓಡಿಸಿದೆವು. ಹೆಬ್ಬಾಳು ಟೋಲ್ ದಾಟಿ ವೇಗ 60ಕ್ಕೆ ಹಿಡಿದರೆ ದುರ್ಗದವರೆಗೆ 60. ಹಿಂದಿನ ಲಾರಿಯವರು ಹಾರನ್ ಹೊಡೆದು ಹೊಡೆದು ಬೇಸತ್ತರು. ಪ್ರತಿ ಸಲ ವಾಪಸ್ ಬಂದಾಗ ಮೇಷ್ಟ್ರು ‘ಏನನ್ನಿಸ್ತು?’ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ತಮ್ಮನನ್ನೂ ಓಡಿಸಲು ಹಚ್ಚಿದೆವು. ‘ಇವತ್ತು ಪಿಕಪ್ ಬೇರೆನೇ ಇತ್ತು ಅಣ್ಣಾ, ಗ್ಯಾರಂಟಿ ಆನ್ ಇತ್ತು’ ಅಂತ ಅವನು ಕುಣಿದ ದಿನ ಚೀಟಿ ಬಿಚ್ಚಿದರೆ ಆಫ್.

ಲೆಕ್ಕ ಹಾಕಿದಾಗ ಆಫ್ ಇದ್ದಾಗಲೂ ಆನ್ ಇದ್ದಾಗಲೂ ಮೈಲೇಜ್ ಲೀಟರಿಗೆ 17 ಕಿಲೋಮೀಟರಿನ ಆಸುಪಾಸಿನಲ್ಲೇ ಏರಿಳಿಯುತ್ತಿತ್ತು. ಆನ್ ಇದ್ದಾಗಿನ ಸರಾಸರಿ ಒಂದು ಕೂದಲು ಕೆಳಗಿತ್ತು. ಆದರೆ ಆ ವ್ಯತ್ಯಾಸ ಅಳತೆಯ ತಪ್ಪಿಗಿಂತ ಚಿಕ್ಕದು, ಅದನ್ನೇ ಹಿಡಿದು ಕಿಟ್ ಸೋತಿತು ಅನ್ನುವುದೂ ನ್ಯಾಯವಲ್ಲ. ಕಿಟ್ ಮಾರುವವರು ಹೇಳುವ ‘ಲೀಟರಿಗೆ ಐದಾರು ಕಿಲೋಮೀಟರ್ ಜಾಸ್ತಿ’ ಅನ್ನುವ ಮಾತು ಮಾತ್ರ ಸುಳ್ಳು. ಅಷ್ಟು ಬಂದಿದ್ದರೆ ಗಾಳಿಯಲ್ಲೂ ಕಾಣುತ್ತಿತ್ತು.

ರಸ್ತೆಯಲ್ಲಿ ಸಿಗದ ಉತ್ತರ ಅಂಗಡಿಯಲ್ಲಿ ಸಿಕ್ಕಿತು. ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಎಷ್ಟು ಹೋಗುತ್ತಿದೆ ಅನ್ನುವುದನ್ನು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿದೆ ಅನ್ನುವುದರಿಂದ ನೋಡಬಹುದು. ಆಸಿಲೋಸ್ಕೋಪ್ ಅನ್ನು ಇಂಜೆಕ್ಟರ್ ವೈರಿಗೆ ಕೊಟ್ಟರೆ ಮಿಲಿಸೆಕೆಂಡ್ ಲೆಕ್ಕ ಪರದೆ ಮೇಲೆ ಕಾಣುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ರೇಡಿಯೇಟರ್ ಫ್ಯಾನ್ ನಿಂತಿರುವಾಗ, ಎಸಿ ಆಫ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟೆ.

ಸೆಲ್ ಆನ್ ಮಾಡಿದೆ. ಕಾರಿನಲ್ಲಿ ಕರೆಂಟ್ ಮಾಡುವ ಆಲ್ಟರ್ನೇಟರ್‌ನ ಸದ್ದು ಸ್ವಲ್ಪ ಭಾರವಾಯಿತು, ಇಂಜೆಕ್ಟರ್ ತೆರೆದಿರುವ ಹೊತ್ತು ಜಾಸ್ತಿಯಾಯಿತು. ಆಮೇಲೆ ಗ್ಯಾಸ್ ಪೈಪನ್ನು ಎಂಜಿನ್‌ನಿಂದ ಬಿಡಿಸಿ ಶೆಡ್ಡಿನ ಹೊರಗೆ ದೂರ ಒಯ್ದು ಬಿಟ್ಟೆ. ಸೆಲ್ ಓಡುತ್ತಲೇ ಇದೆ, ಗ್ಯಾಸ್ ಮಾತ್ರ ಆಕಾಶಕ್ಕೆ. ಇಂಜೆಕ್ಟರ್ ಹೊತ್ತು ಹೆಚ್ಚುಕಮ್ಮಿ ಗ್ಯಾಸ್ ಎಂಜಿನ್‌ಗೆ ಹೋಗುತ್ತಿದ್ದಾಗ ಇದ್ದಷ್ಟೇ. ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದದ್ದು ಸೆಲ್‌ಗೆ ಕರೆಂಟ್ ಕೊಡಲು. ಕೊನೆಗೆ ಕಾರಿನ ಕರೆಂಟೇ ಬೇಡ ಅಂತ ಬೆಂಚ್ ಮೇಲಿನ ಬೇರೆ ಬ್ಯಾಟರಿಯಿಂದ ಸೆಲ್ ಓಡಿಸಿ ಗ್ಯಾಸ್ ಎಂಜಿನ್‌ಗೆ ಬಿಟ್ಟೆ. ಈಗ ಇಂಜೆಕ್ಟರ್ ಹೊತ್ತು ಒಂದೇ ಒಂದು ಚೂರು ಇಳಿಯಿತು. ನನಗೆ ಖುಷಿಯಾದದ್ದು ಇಲ್ಲಿ. ಹೈಡ್ರೋಜನ್ ನಿಜವಾಗಿಯೂ ಉರಿಯುತ್ತಿದೆ, ಎಂಜಿನ್‌ಗೆ ಕೊಡುತ್ತಲೂ ಇದೆ. ಕೊಡುವುದು ಚಿಟಿಕೆಯಷ್ಟು.

ಆ ಚಿಟಿಕೆ ಎಷ್ಟು ಅಂತ ಮೇಷ್ಟ್ರು ನನ್ನ ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕಿದರು. ನಿಮಿಷಕ್ಕೆ ಒಂದು ಲೀಟರ್ ಗ್ಯಾಸ್ ಅಂದರೆ ಗಂಟೆಗೆ 3.4 ಗ್ರಾಂ ಹೈಡ್ರೋಜನ್. ಉಳಿದದ್ದು ಆಕ್ಸಿಜನ್. ಒಂದು ಗ್ರಾಂ ಹೈಡ್ರೋಜನ್ ಉರಿದರೆ 120 ಕಿಲೋಜೌಲ್. ಒಟ್ಟು ಗಂಟೆಗೆ 400 ಕಿಲೋಜೌಲ್. ಇದು 12–13 ಮಿಲಿಲೀಟರ್ ಪೆಟ್ರೋಲಿಗೆ ಸಮ. ಹೈವೇನಲ್ಲಿ ನನ್ನ ಗಾಡಿ ಗಂಟೆಗೆ ಮೂರೂವರೆ ಲೀಟರ್ ಕುಡಿಯುತ್ತದೆ. ಅದರಲ್ಲಿ ಇದು ಇನ್ನೂರೈವತ್ತಕ್ಕೆ ಒಂದು ಪಾಲೂ ಇಲ್ಲ.

ಇನ್ನು ಖರ್ಚಿನ ಕಡೆ. 14 ವೋಲ್ಟ್, 15 ಆಂಪಿಯರ್, 210 ವ್ಯಾಟ್. ಅಂದರೆ ಎರಡೂ ಹೆಡ್‌ಲೈಟ್ ಹೈ ಬೀಮ್‌ನಲ್ಲಿ ಹಾಕಿ, ಬ್ಲೋವರನ್ನೂ ಓಡಿಸಿದಷ್ಟು. ಬೆಲ್ಟ್ ಕೊಡುವ ಬಲದಲ್ಲಿ ಆಲ್ಟರ್ನೇಟರ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕರೆಂಟ್ ಮಾಡುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಎಂಜಿನ್ ಬೆಲ್ಟಿಗೆ ಕೊಡುವುದು ಕಾಲು ಭಾಗದಿಂದ ಮೂರನೇ ಒಂದು ಭಾಗ. ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಗಂಟೆಗೆ 120ರಿಂದ 170 ಮಿಲಿಲೀಟರ್ ಪೆಟ್ರೋಲ್ ಸುಟ್ಟು 12 ಮಿಲಿಯಷ್ಟನ್ನು ವಾಪಸ್ ಪಡೆಯುತ್ತಿದ್ದೇವೆ.

‘ಸರಿ ಸಾರ್, ಮನೆ ಕರೆಂಟಲ್ಲಿ ಬ್ಯಾಟರಿ ಚಾರ್ಜ್ ಮಾಡಿ ಹಾಕಿದರೆ?’ ಅಂತ ಕೇಳಿದೆ. ಮೇಷ್ಟ್ರು ನಕ್ಕರು. ಗಂಟೆಗೆ 0.21 ಯೂನಿಟ್. ಬೆಸ್ಕಾಂಗೆ ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ ಒಂದೂಕಾಲು ರೂಪಾಯಿ. ಉಳಿಯುವ ಪೆಟ್ರೋಲ್ ಕೂಡ ಒಂದೂಕಾಲು ರೂಪಾಯಿಯದೇ. ಚಾರ್ಜರ್, ಬ್ಯಾಟರಿಯಲ್ಲಿ ಹಾಳಾಗುವುದು ಸೇರಿಸಿದರೆ ಅಲ್ಲೂ ಲಾಸು.

ಕಿಟ್ ಮಾರುವವರು ಒಂದು ಲೀಟರ್ ನೀರು ಸಾವಿರಾರು ಕಿಲೋಮೀಟರ್ ಬರುತ್ತದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ಸೆಲ್ ಗಂಟೆಗೆ ಒಡೆಯುತ್ತಿದ್ದದ್ದು 30 ಮಿಲಿಲೀಟರ್ ನೀರು. ಲೀಟರ್ 33 ಗಂಟೆ ಬರುತ್ತದೆ, ನಿಜ. ನೀರು ಖರ್ಚಾಗುತ್ತಿಲ್ಲ ಅಂದರೆ ಗ್ಯಾಸ್ ಬರುತ್ತಿಲ್ಲ ಅಂತಲೇ ಅರ್ಥ ತಾನೆ? ಅಲ್ಲದೆ ನೀರು ಇಂಧನವೇ ಅಲ್ಲ. ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿದ ಬೂದಿ ಅದು. ಬೂದಿಯನ್ನು ಮತ್ತೆ ಸೌದೆ ಮಾಡಲು ಎಷ್ಟು ಶಕ್ತಿ ಬೇಕೋ ಅದಕ್ಕಿಂತ ಜಾಸ್ತಿ ಅದನ್ನು ಸುಟ್ಟಾಗ ಸಿಗಲ್ಲ.

ಇದಕ್ಕೆ ಕಿಟ್‌ನವರ ಉತ್ತರ ಸಿದ್ಧವಾಗಿದೆ. ‘ಶಕ್ತಿಯ ಲೆಕ್ಕ ಬೇಡ, ಹೈಡ್ರೋಜನ್ ಪೆಟ್ರೋಲನ್ನು ಪೂರ್ತಿ ಉರಿಸುತ್ತೆ.’ ಈ ಮಾತನ್ನು ತಳ್ಳಿಹಾಕುವ ಮೊದಲು ಯೋಚಿಸಬೇಕು, ಯಾಕೆಂದರೆ ಇದಕ್ಕೆ ಅರ್ಧ ಆಧಾರ ಇದೆ. ಹೈಡ್ರೋಜನ್ ಬೇಗ ಉರಿಯುತ್ತದೆ. ಅದು ಸಾಕಷ್ಟು ಇದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಇರುವ ಮಿಶ್ರಣವೂ ಕೆಮ್ಮದೆ ಉರಿಯುತ್ತದೆ. ಅಮೆರಿಕದ ನಾಸಾದ ಪ್ರಯೋಗಾಲಯ ಜೆಪಿಎಲ್‌ನವರು 1970ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ದೆಹಲಿಯಲ್ಲಿ 2020ರಲ್ಲಿ ಹೈಡ್ರೋಜನ್ ಬೆರೆಸಿದ ಸಿಎನ್‌ಜಿಯಲ್ಲಿ 50 ಬಸ್ ಓಡಿಸುವ ಪ್ರಯೋಗ ಶುರುವಾಯಿತು. ಅದರಲ್ಲಿ ಹೈಡ್ರೋಜನ್ ನೂರಕ್ಕೆ 18 ಭಾಗದಷ್ಟು. ನನ್ನ ಗಾಡಿ 60ರಲ್ಲಿ ಹೋಗುವಾಗ ನಿಮಿಷಕ್ಕೆ ಸುಮಾರು 500 ಲೀಟರ್ ಗಾಳಿ ಎಳೆಯುತ್ತದೆ. ಅದಕ್ಕೆ ನಾನು ಸೇರಿಸಿದ ಹೈಡ್ರೋಜನ್ ಮುಕ್ಕಾಲು ಲೀಟರೂ ಇಲ್ಲ. ಇನ್ನು ಪೆಟ್ರೋಲ್ ‘ಅರ್ಧ ಉರಿದು ಹೊರಗೆ ಹೋಗುತ್ತೆ’ ಅನ್ನುವುದು ಸುಳ್ಳು. ಸರಿಯಾಗಿರುವ ಎಂಪಿಎಫ್‌ಐ ಎಂಜಿನ್‌ನಲ್ಲಿ ಉರಿಯದೆ ಹೋಗುವುದು ನೂರಕ್ಕೆ ಎರಡು ಮೂರು ಪಾಲು ಇದ್ದೀತು. ಉಳಿದ ನಷ್ಟವೆಲ್ಲ ಶಾಖವಾಗಿ ಸೈಲೆನ್ಸರ್, ರೇಡಿಯೇಟರ್ ದಾರಿ ಹಿಡಿಯುತ್ತದೆ.

ಹಾಗಾದರೆ ನಿಜವಾಗಿಯೂ ಮೈಲೇಜ್ ಏರಿತು ಅನ್ನುವವರೆಲ್ಲ ಸುಳ್ಳುಗಾರರಾ? ಖಂಡಿತ ಅಲ್ಲ. ಕೆಲವರಿಗೆ ಏರಿರುತ್ತದೆ, ಕಾರಣ ಬೇರೆ. ಕಾರ್ಬ್ಯುರೇಟರ್ ಕಾಲದಲ್ಲಿ ಕಿಟ್ ಹಾಕುವ ಮೆಕ್ಯಾನಿಕ್ ಜೊತೆಗೇ ಪ್ಲಗ್ ಬದಲಾಯಿಸಿ, ಏರ್ ಫಿಲ್ಟರ್ ಕೊಡವಿ, ಕಾರ್ಬ್ಯುರೇಟರ್ ಸ್ಕ್ರೂ ಸ್ವಲ್ಪ ಬಿಗಿ ಮಾಡಿ ಕಳಿಸುತ್ತಿದ್ದ. ಅದಕ್ಕೇ ಮೈಲೇಜ್ ಬರುತ್ತಿತ್ತು. ಹೆಸರು ನೀರಿಗೆ.

ಈಗಿನ ಗಾಡಿಗಳಲ್ಲಿ ಇದನ್ನು ಕಳ್ಳದಾರಿಯಲ್ಲಿ ಮಾಡುತ್ತಾರೆ. ಕಿಟ್ ಜೊತೆ ಒಂದು ಚಿಕ್ಕ ಕಪ್ಪು ಡಬ್ಬಿ ಬರುತ್ತದೆ, ಇಎಫ್‌ಐಇ ಅಂತ ಹೆಸರು. ಅದನ್ನು ಆಕ್ಸಿಜನ್ ಸೆನ್ಸರ್ ವೈರಿಗೆ ಸೇರಿಸುತ್ತಾರೆ. ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಆಡುತ್ತ, ಪೆಟ್ರೋಲ್ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಅಂತ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ ಹೇಳುತ್ತಿರುತ್ತದೆ. ಈ ಡಬ್ಬಿ ಆ ವೋಲ್ಟೇಜ್‌ಗೆ ಇನ್ನೊಂದಿಷ್ಟು ಸೇರಿಸಿ ‘ಪೆಟ್ರೋಲ್ ಜಾಸ್ತಿಯಾಯಿತು’ ಅಂತ ಸುಳ್ಳು ಹೇಳಿಸುತ್ತದೆ. ಇಸಿಯು ಪೆಟ್ರೋಲ್ ಕಮ್ಮಿ ಮಾಡುತ್ತದೆ. ನಾನು ಸೆಲ್ ಆಫ್ ಮಾಡಿ ಬರೀ ಇಂಥ ಡಬ್ಬಿಯನ್ನಷ್ಟೇ ಹಾಕಿ ನೋಡಿದೆ. ಇಂಜೆಕ್ಟರ್ ಹೊತ್ತು ಇಳಿಯಿತು. ನೀರು ಒಂದು ಹನಿ ಬೇಕಾಗಲಿಲ್ಲ.

ಪುಕ್ಕಟೆ ಅಂತ ಅಂದುಕೊಳ್ಳಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಮೂರು ಬಗೆಯ ವಿಷ ಅನಿಲಗಳನ್ನೂ ತೊಳೆಯಬೇಕಾದರೆ ಗಾಳಿ, ಪೆಟ್ರೋಲ್ ಲೆಕ್ಕ 14.7ಕ್ಕೆ 1ರ ಹತ್ತಿರವೇ ಇರಬೇಕು. ಗಾಳಿ ಜಾಸ್ತಿಯಾದರೆ ನೈಟ್ರೋಜನ್ ಆಕ್ಸೈಡುಗಳು ಹಾಗೇ ಹೊರಗೆ ಬರುತ್ತವೆ. ನಮ್ಮ ಪೆಟ್ರೋಲ್ ಗಾಡಿಗಳ ಹೊಗೆ ತಪಾಸಣೆಯಲ್ಲಿ ಅದನ್ನು ಅಳೆಯುವುದೇ ಇಲ್ಲ, ಹಾಗಾಗಿ ಸರ್ಟಿಫಿಕೇಟ್ ಸಲೀಸಾಗಿ ಸಿಗುತ್ತದೆ. ಮಿತಿ ಮೀರಿ ಎಳೆದರೆ ಏರುದಾರಿಯಲ್ಲಿ ಎಂಜಿನ್ ಕೆಮ್ಮುತ್ತದೆ, ಮಿಸ್‌ಫೈರ್ ಆಗುತ್ತದೆ, ಕನ್ವರ್ಟರ್ ಕಾದು ಹಾಳಾಗುತ್ತದೆ. ಅದರ ಬೆಲೆಯಲ್ಲಿ ಎಷ್ಟೋ ತಿಂಗಳ ಪೆಟ್ರೋಲ್ ಬರುತ್ತದೆ. ಇಷ್ಟರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ನಮ್ಮಿಷ್ಟದಂತೆ ಬದಲಾಯಿಸುವ ಹಾಗಿಲ್ಲ. ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಬಾನೆಟ್ ಒಳಗಿನ ಹೊಸ ವೈರುಗಳನ್ನು.

ಹಳೇ ಕಥೆಗಳನ್ನು ಹೇಳುವ ಗಿರಾಕಿಗಳೂ ಬರುತ್ತಾರೆ. ಅಮೆರಿಕದ ಓಹಾಯೊದ ಸ್ಟ್ಯಾನ್ಲಿ ಮೇಯರ್ ನೀರಿನಲ್ಲಿ ಬಗ್ಗಿ ಗಾಡಿ ಓಡಿಸಿದ, ತೈಲ ಕಂಪನಿಗಳು ಅವನನ್ನು ಮುಗಿಸಿದವು ಅಂತ. ಹಣ ಹಾಕಿದ್ದ ಇಬ್ಬರು ಅವನ ಮೇಲೆ ಕೇಸು ಹಾಕಿದ್ದರು. 1996ರಲ್ಲಿ ಕೋರ್ಟು ಅವನ ಸೆಲ್ಲನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ, ಇದು ಮಾಮೂಲಿ ಎಲೆಕ್ಟ್ರಾಲಿಸಿಸ್, ಮಾಡಿದ್ದು ಮೋಸ ಅಂತ ತೀರ್ಪು ಕೊಟ್ಟು ಹಣ ವಾಪಸ್ ಕೊಡಿಸಿತು. ಅವನು ಸತ್ತದ್ದು 1998ರಲ್ಲಿ. ಅದೇ 1996ರಲ್ಲಿ ನಮ್ಮ ಪಕ್ಕದ ತಮಿಳುನಾಡಿನಲ್ಲಿ ರಾಮರ್ ಪಿಳ್ಳೈ ಗಿಡಮೂಲಿಕೆ ಹಾಕಿ ನೀರನ್ನು ಪೆಟ್ರೋಲ್ ಮಾಡುತ್ತೇನೆ ಅಂದದ್ದು ವಯಸ್ಸಾದವರಿಗೆ ನೆನಪಿರುತ್ತದೆ. ಸಿಬಿಐ ಕೇಸಾಗಿ 2016ರಲ್ಲಿ ಚೆನ್ನೈ ಕೋರ್ಟು ಮೂರು ವರ್ಷ ಶಿಕ್ಷೆ ಕೊಟ್ಟಿತು.

ಎಂಜಿನ್‌ಗೆ ನೀರು ಬಿಡುವುದೇ ತಪ್ಪಾ ಅಂದರೆ ಅದೂ ಅಲ್ಲ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ನೀರು, ಮೆಥನಾಲ್ ಬೆರೆಸಿ ಚಿಮುಕಿಸುತ್ತಿದ್ದರು. 1962ರ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಕಾರಿನಲ್ಲಿ ಅದಕ್ಕೆ ಬೇರೆ ಟ್ಯಾಂಕೇ ಇತ್ತು. ಬಿಎಂಡಬ್ಲ್ಯು ಎಂ4 ಜಿಟಿಎಸ್‌ನಲ್ಲೂ ನೀರಿನ ತುಂತುರು ಇದೆ. ಅಲ್ಲಿ ನೀರಿನ ಕೆಲಸ ತಂಪು ಮಾಡುವುದು, ಟರ್ಬೊ ಒತ್ತಡದಲ್ಲಿ ಎಂಜಿನ್ ಬಡಿದುಕೊಳ್ಳದ ಹಾಗೆ ತಡೆಯುವುದು. ಉರಿಯುವುದು ಪೆಟ್ರೋಲೇ. ನಮ್ಮ ಸ್ಯಾಂಟ್ರೋಗೆ ಆ ಅಗತ್ಯವೇ ಇಲ್ಲ.

ಈಗ ನನ್ನ ಹತ್ತಿರ ಕಿಟ್ ಹಾಕಿಸಲು ಬರುವವರಿಗಿಂತ ತೆಗೆಸಲು ಬರುವವರೇ ಜಾಸ್ತಿ. ನೀವೇ ತೆಗೆಯುವುದಾದರೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಗ್ಲೌಸ್, ಕನ್ನಡಕ ಹಾಕಿಕೊಂಡು ಸೆಲ್‌ನ ನೀರನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಬಸಿದುಕೊಳ್ಳಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಕಂದು ಬಣ್ಣ ಇದ್ದರೆ ಮೋರಿಗೆ ಚೆಲ್ಲಬೇಡಿ, ಮುಚ್ಚಳ ಬಿಗಿದು ಅಪಾಯದ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಆಕ್ಸಿಜನ್ ಸೆನ್ಸರ್ ವೈರನ್ನು ಕತ್ತರಿಸಿ ಡಬ್ಬಿ ಸೇರಿಸಿದ್ದರೆ ಬರೀ ತಿರುಚಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ ಸ್ಲೀವ್ ಏರಿಸಿ. ಆ ವೈರಿನಲ್ಲಿ ಅರ್ಧ ವೋಲ್ಟಿನ ಆಟ, ಸಡಿಲ ಇದ್ದರೆ ಇಸಿಯು ಮತ್ತೆ ತಪ್ಪು ಲೆಕ್ಕ ಹಾಕುತ್ತದೆ. ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಲ್ಲಿ ಗ್ಯಾಸ್ ಪೈಪಿಗೆ ಕೊರೆದ ತೂತನ್ನು ಸರಿಯಾದ ಬೋಲ್ಟ್ ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ನುಗ್ಗಿ ಐಡ್ಲಿಂಗ್ ಏರಿಳಿಯುತ್ತದೆ. ಥ್ರಾಟಲ್ ಬಾಡಿಯಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಇದ್ದರೆ ಕಾಸ್ಟಿಕ್ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ, ಬಿಚ್ಚಿ ತೊಳೆಸಬೇಕು. ಕೊನೆಗೆ ಸ್ಕ್ಯಾನರ್‌ನಲ್ಲಿ ಹಳೇ ಕೋಡ್ ಅಳಿಸಿ ಒಂದೆರಡು ದಿನ ಓಡಿಸಿ. ಇಸಿಯು ತಾನೇ ಹದಕ್ಕೆ ಬರುತ್ತದೆ.